ಬೂದು ಕೋಟಿನ ಒಳಮೈ

ಫೆಬ್ರವರಿ 3, ಸೋಮವಾರ

ಹಳೆಯ ಕೋಟಿನ ಬಲ ಮೊಣಕೈ ಇವತ್ತು ಪೂರ್ತಿ ಹರಿಯಿತು. ಮೇಜಿನ ಅಂಚಿಗೆ ಉಜ್ಜಿ ಉಜ್ಜಿ ಅದು ಯಾವಾಗಲೋ ಜಾಲರಿಯಾಗಿತ್ತು. ಮನೆಗೆ ತಂದು ತೋರಿಸಿದರೆ ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಅಂತೂ ಜೀವ ಬಿಡ್ತಲ್ಲ, ಒಳ್ಳೇದಾಯ್ತು" ಎಂದಳು.

ಅಂಥದ್ದೇ ಇನ್ನೊಂದು ಹೊಲಿದುಕೊಡು ಎಂದೆ. ಬೂದೇ ಯಾಕಾಗಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಕೇಳುವುದನ್ನೇ ಕೇಳಿದಳು. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾದ ಉತ್ತರವನ್ನೇ ನಾನೂ ಕೊಟ್ಟೆ. ಬಣ್ಣದ ಹಂಡೆಯಿಂದ ಬಂದ ಬಟ್ಟೆಯ ತುಂಡನ್ನು ಬೆಳಕಿನ ಕೋಣೆಯಲ್ಲಿ ಗಿರಾಕಿ ಒಪ್ಪಿದ ಮಾದರಿಯ ಪಕ್ಕ ಹಿಡಿದು, ಎರಡೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ಮೈಮೇಲೆ ಬಣ್ಣದ ಬಟ್ಟೆಯಿದ್ದರೆ ಅದರ ಛಾಯೆ ತುಂಡಿನ ಮೇಲೆ ಬೀಳುತ್ತದೆ, ಕಣ್ಣು ಮೋಸಹೋಗುತ್ತದೆ. ಅದಕ್ಕೇ ಅಲ್ಲಿ ಗೋಡೆ ಬೂದು, ಮೇಜು ಬೂದು, ನಾನೂ ಬೂದು. ನಮ್ಮ ಹಂಡೆ ಮಾಸ್ತರು ಒಮ್ಮೆ ಕುತ್ತಿಗೆಗೆ ಕೆಂಪು ಕರವಸ್ತ್ರ ಸುತ್ತಿಕೊಂಡು ಒಳಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದವಳು ನಾನು.

"ಕೋಣೇಲಿ ಸರಿ ಕಣೇ. ಮನೇಲಿ ಯಾಕೆ? ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ" ಎಂದಳು.

ಕೋಟು ಮಾತ್ರ ಬೂದಾಗಿದ್ದ ಕಾಲವೊಂದಿತ್ತು. ಆಮೇಲೆ ಒಳಗಿನ ಅಂಗಿ ಬೂದಾಯಿತು, ಆಮೇಲೆ ಶಾಲು, ಕೊಡೆ, ಕೈಚೀಲ. ಯಾವತ್ತೂ ಕೂತು ನಿರ್ಧಾರ ಮಾಡಿದ್ದಲ್ಲ. ದಿನವಿಡೀ ಬಣ್ಣ ನೋಡಿದವಳಿಗೆ ಸಂಜೆ ಕಪಾಟು ತೆರೆದಾಗ ಯಾವುದೂ ಮಾತಾಡಿಸದಿದ್ದರೆ ಸಾಕು ಎನಿಸುತ್ತದೆ.

ಆಕಾಶವೂ ಇವತ್ತು ಒರೆಸಿದ ಹಲಗೆಯ ಹಾಗಿತ್ತು. ಬರೆಯುವಂಥದ್ದು ಬೇರೇನೂ ಇಲ್ಲ.

ಫೆಬ್ರವರಿ 9, ಭಾನುವಾರ

ಕೋಟು ಕೈಗೆ ಬಂತು. ಹೊರಗೆ ನಾನು ಕೇಳಿದ ಬೂದೇ, ಎಳ್ಳಷ್ಟೂ ಆಚೀಚೆ ಇಲ್ಲ. ಒಳಗೆ ಮಾತ್ರ ಅಕ್ಕ ತನ್ನ ಹಟ ಸಾಧಿಸಿದ್ದಾಳೆ. ಬೆನ್ನಿಗೆ, ತೋಳಿಗೆ, ಮಣಿಕಟ್ಟಿನ ತುದಿಯವರೆಗೂ ಕಿತ್ತಳೆ ಬಣ್ಣದ ಲೈನಿಂಗ್ ಕೊಟ್ಟಿದ್ದಾಳೆ. ಬರೀ ಕಿತ್ತಳೆಯೂ ಅಲ್ಲ. ಸ್ವಲ್ಪ ಇಟ್ಟಿಗೆ, ಸ್ವಲ್ಪ ಜೇನು. ಎಲ್ಲಿಯದು ಎಂದರೆ, ಪೆಟ್ಟಿಗೆಯಲ್ಲಿತ್ತು ಎಂದಷ್ಟೇ ಹೇಳಿದಳು.

ಇದಕ್ಕೆಲ್ಲ ಕಾರಣ ಅವಳು ಓದುವ ವಾರಪತ್ರಿಕೆ. ಯಾವ ಬಣ್ಣ ಉಟ್ಟರೆ ಮನಸ್ಸಿಗೆ ಏನಾಗುತ್ತದೆ ಎಂದು ಅದರಲ್ಲಿ ಎರಡು ಪುಟ ಬರೆದಿದ್ದಾರೆ. ಹಳದಿ ಉಟ್ಟರೆ ಉಲ್ಲಾಸ, ನೀಲಿ ಉಟ್ಟರೆ ನೆಮ್ಮದಿ, ಹಸಿರಿಗೆ ನಿದ್ದೆ. ಬೂದು ಬಣ್ಣಕ್ಕೆ ಏನೂ ಬರೆದಿಲ್ಲ ಎಂದು ಬೆರಳಿಟ್ಟು ತೋರಿಸಿದಳು. ಬಣ್ಣ ಎನ್ನುವುದು ಬೆಳಕಿನ ವ್ಯವಹಾರ, ಮನಸ್ಸಿನದಲ್ಲ ಎಂದೆ. ಇಷ್ಟು ವರ್ಷದಲ್ಲಿ ಬಟ್ಟೆಯ ಬಣ್ಣ ಬದಲಾದದ್ದು ನೋಡಿದ್ದೇನೆ, ಅದನ್ನುಟ್ಟು ಮನುಷ್ಯರು ಬದಲಾದದ್ದು ನೋಡಿಲ್ಲ ಎಂದೂ ಸೇರಿಸಿದೆ.

"ಹೊರಗಡೆ ಬಣ್ಣ ನಿನ್ನ ಕಾರ್ಖಾನೇದು, ಒಳಗಡೇದು ನಂದು. ಯಾರಿಗೂ ಕಾಣಲ್ಲ, ತೆಪ್ಪಗೆ ಹಾಕ್ಕೋ."

ಹಾಕಿಕೊಂಡೆ. ಅಳತೆ ಸರಿಯಾಗಿದೆ.

ಫೆಬ್ರವರಿ 13, ಗುರುವಾರ

ಬೆಳಕಿನ ಕೋಣೆಯ ದೀಪಗಳಿಗೆ ಕರುಣೆಯಿಲ್ಲ. ಹನ್ನೊಂದು ಗಂಟೆಗೆಲ್ಲ ಬೆವರು. ಬಲಗೈ ತೋಳನ್ನು ಎರಡು ಸುತ್ತು ಮಡಚಿಕೊಳ್ಳುವುದು ನನ್ನ ಹಳೆಯ ಚಾಳಿ. ತುಂಡು ಹಿಡಿಯುವುದೂ ಬರೆಯುವುದೂ ಆ ಕೈಯೇ ತಾನೆ. ಮಡಚಿದಾಗ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಒಂದಿಷ್ಟು ಕಿತ್ತಳೆ ಕಾಣುತ್ತದೆ. ನೋಡಿದಾಗಲೆಲ್ಲ ಅಕ್ಕನ ಹಟ ನೆನಪಾಗಿ ನಗು ಬರುತ್ತದೆ.

ನಾನು ಏನನ್ನೋ ಗುನುಗುತ್ತಿದ್ದೆನಂತೆ. ಹಂಡೆ ಮಾಸ್ತರು ತುಂಡು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬೇರೆ ಯಾರೋ ಇದ್ದಾರೆ ಎಂದುಕೊಂಡರಂತೆ. ಅವರು ತಂದದ್ದು ಆಸ್ಪತ್ರೆಯ ವಾರ್ಡುಗಳಿಗೆ ಹೋಗುವ ಪರದೆಯ ಬಟ್ಟೆ. ಆ ತಿಳಿಹಸಿರಿಗೆ 'ನೆನೆದ ಎಲೆಯ ಹಿಂಬದಿ' ಎಂದು ಹೆಸರಿಟ್ಟವಳು ನಾನೇ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳನ್ನು ಇಲ್ಲಿಗೆ ಕರೆದದ್ದೇ ಬಣ್ಣಗಳಿಗೆ ಹೆಸರಿಡಲು. ಕಣ್ಣು ಚುರುಕಾಗಿದೆ ಎಂದು ಗೊತ್ತಾದದ್ದು ಆಮೇಲೆ.

ಪರದೆಯ ತುಂಡು ಯಾಕೋ ಹಳದಿಗೆ ವಾಲಿತ್ತು, ಸ್ವಲ್ಪ ಮಂಕು. ನೀಲಿ ಒಂದು ಚಿಟಿಕೆ ಹೆಚ್ಚಿಸಿ ಎಂದೆ. ತಮಗೆ ಸರಿಯಾಗಿಯೇ ಕಾಣುತ್ತಿದೆ ಎಂದು ಮಾಸ್ತರು ಗೊಣಗಿದರು, ಆದರೆ ಹೆಚ್ಚಿಸಿದರು. ನನ್ನ ಮಾತು ಅವರು ಯಾವತ್ತೂ ಮೀರಿಲ್ಲ.

ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಕವಿತೆ ಓದಿದೆ. ಓದು ಬಿಟ್ಟು ಎಷ್ಟು ತಿಂಗಳಾಗಿತ್ತೋ. ಒಂದೇ ಸಾಲನ್ನು ಮೂರು ಸಲ ಓದಿದೆ. ಅರ್ಥವಾಗದೆ ಅಲ್ಲ, ಮುಗಿಯುವುದು ಬೇಡ ಎನಿಸಿ.

ಫೆಬ್ರವರಿ 20, ಗುರುವಾರ

ಬೂದು ಶಾಲನ್ನು ಒಗೆಯಲು ಹಾಕಿದ್ದರಿಂದ ಅಕ್ಕನ ನೀಲಿಯದನ್ನು ಹೊದ್ದು ಹೋದೆ. ಬೇರೆ ಇರಲಿಲ್ಲ, ಅಷ್ಟೇ. ಬರುವಾಗ ಬಸ್ಸು ಹತ್ತದೆ ನದಿಯ ದಂಡೆಯ ಮೇಲೆ ನಡೆದುಬಂದೆ. ಅಕ್ಕ ಗಡಿಯಾರ ನೋಡಿ, ದಾರಿ ತಪ್ಪಿದೆಯಾ ಎಂದು ಕೇಳಿದಳು. ಚೆನ್ನಾಗಿ ನಿದ್ದೆ ಬರುತ್ತಿದೆ ಈಗ.

ಫೆಬ್ರವರಿ 27, ಗುರುವಾರ

ಪರದೆಯ ಎರಡನೆಯ ಕಂತು ಬಂತು, ಮತ್ತೆ ಹಳದಿ. ಮತ್ತೆ ನೀಲಿ ಹೆಚ್ಚಿಸಲು ಹೇಳಿದೆ. ಮಾಸ್ತರು ತುಂಡನ್ನು ಕಿಟಕಿಗೆ ಹಿಡಿದು, ನನ್ನ ಮುಖ ನೋಡಿ, ಮತ್ತೆ ತುಂಡು ನೋಡಿದರು. "ಅಮ್ಮಾ, ನನ್ನ ಹಂಡೆಗೇನು ತಲೆ ಕೆಟ್ಟಿದೆಯಾ? ಇಷ್ಟು ವರ್ಷ ಒಂದೇ ಅಳತೆ ಹಾಕಿದ್ದೀನಿ" ಎಂದರು. ನೀರಿನಲ್ಲೇನೋ ಬದಲಾಗಿರಬೇಕು ಎಂದೆ.

ಹಂಡೆಗೂ ನಮ್ಮ ಹಾಗೆ ಮನಸ್ಸು ಬಂದ ದಿನ, ಬಾರದ ದಿನ ಅಂತ ಇರಬಹುದೇ? ತಮಾಷೆಗೆ ಬರೆದೆ. ಮೂರನೆಯ ಕಂತಿಗೆ ಇದೇ ಲೆಕ್ಕ ಇಟ್ಟುಕೊಳ್ಳಿ ಎಂದು ಹೇಳಿ ಬಂದಿದ್ದೇನೆ.

ಮಾರ್ಚ್ 10, ಸೋಮವಾರ

ಪರದೆಗಳು ವಾಪಸು ಬಂದವು. ಮೂರೂ ಕಂತು.

ಆಸ್ಪತ್ರೆಯ ದಾದಿಯರ ಮುಖ್ಯಸ್ಥೆ ಪತ್ರ ಬರೆದಿದ್ದಾರೆ. ಹಳೆಯ ಪರದೆಯ ಪಕ್ಕದಲ್ಲಿ ಹೊಸದು ನೀಲಿ ಹೊಡೆಯುತ್ತದೆಯಂತೆ. ಅದನ್ನು ತೂಗುಹಾಕಿದ ವಾರ್ಡಿನಲ್ಲಿ ರೋಗಿಗಳು ಚಳಿ ಚಳಿ ಎಂದು ಇನ್ನೊಂದು ಕಂಬಳಿ ಕೇಳುತ್ತಿದ್ದಾರಂತೆ. ಕಿಟಕಿ ಮುಚ್ಚಿದರೂ ಕೇಳುತ್ತಾರಂತೆ. ಮಲಗಿದವರು ದಿನವಿಡೀ ನೋಡುವುದು ಇದೊಂದನ್ನೇ, ದಯವಿಟ್ಟು ಹಳೆಯ ಹಸಿರನ್ನೇ ಕೊಡಿ ಎಂಬುದು ಕೊನೆಯ ಸಾಲು.

ಕಾರ್ಖಾನೆಯ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಳೆಯದು, ಹೊಸದು ಎರಡೂ ತುಂಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಬಾಗಿಲಿಂದಲೇ ಕಂಡಿತು ನನಗೆ. ಒಂದು ಎಲೆ, ಇನ್ನೊಂದು ತಣ್ಣೀರು.

"ನಿಮ್ಮ ಕಣ್ಣಿನ ಮೇಲೆ ಈ ಕಾರ್ಖಾನೆ ನಿಂತಿತ್ತಮ್ಮ. ಅದಕ್ಕೇ ಭಯ ಆಗ್ತಿದೆ" ಎಂದರು.

ಕಣ್ಣಿನ ವೈದ್ಯರ ವರದಿ ಬರುವವರೆಗೂ ಬೆಳಕಿನ ಕೋಣೆಗೆ ಹೋಗುವಂತಿಲ್ಲ. ಬಟ್ಟೆ ಮಡಚುವ ವಿಭಾಗದಲ್ಲಿ ಕೂರಬೇಕು. ಕಣ್ಣು ಸರಿಯಿಲ್ಲವೆಂದು ಬಂದರೆ ಮುಂದೆಯೂ ಅಲ್ಲಿಯೇ. ಆ ಮಾತನ್ನು ಅವರು ಆಡಲಿಲ್ಲ. ಕನ್ನಡಕ ತೆಗೆದು ಒರೆಸಿದರು.

ಮಾರ್ಚ್ 11, ಮಂಗಳವಾರ

ಅಪ್ಪನಿಗೂ ಹೀಗೇ ಶುರುವಾಗಿತ್ತು. ಕಣ್ಣಿನ ಮಸೂರ ಹಳದಿಗಟ್ಟಿ, ಬಿಳಿ ಟವೆಲ್ಲನ್ನು ಸರಿಯಾಗಿ ಒಗೆದಿಲ್ಲ ಎಂದು ಅಕ್ಕನ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಅವಳು ಮತ್ತೆ ಮತ್ತೆ ಒಗೆಯುತ್ತಿದ್ದಳು. ಟವೆಲ್ಲು ನೂಲುನೂಲಾದರೂ ಅವರಿಗೆ ಬಿಳುಪಾಗಲಿಲ್ಲ. ಆಗ ಅಪ್ಪನಿಗೆ ಈಗಿನ ನನಗಿಂತ ಎರಡೇ ವರ್ಷ ಹೆಚ್ಚು.

ನನಗೂ ಎಲ್ಲ ಹಳದಿ ಕಂಡಿತು. ನೀಲಿ ಸುರಿಸಿದೆ.

ಮಾರ್ಚ್ 12, ಬುಧವಾರ

ಮಡಚಿದೆ.

ಮಾರ್ಚ್ 14, ಶುಕ್ರವಾರ

ವೈದ್ಯರು ಇಪ್ಪತ್ತಕ್ಕೆ ಬರಹೇಳಿದ್ದಾರೆ. ಅಲ್ಲಿಯವರೆಗೆ ದಿನ ನೂಕಬೇಕು.

ಮಡಚುವ ವಿಭಾಗ ಉದ್ದನೆಯ ಹಾಲು, ಎರಡೂ ಕಡೆ ಕಿಟಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಳಿ ಹಾಸುಗಳು. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿದು, ಕೊಡವಿ, ಕಲೆಯಿದೆಯೇ ನೋಡಿ, ಮಡಚಿ, ಹತ್ತಿರ ಬಂದು ಮತ್ತೆ ದೂರ ಹೋಗುವುದು. ನೃತ್ಯದ ಹಾಗೆ ಎಂದು ಹೊರಗಿನವರು ಹೇಳಬಹುದು. ನನ್ನ ಜೊತೆಗಾತಿಯನ್ನು ಎಲ್ಲರೂ ಗಿಳಿ ಎನ್ನುತ್ತಾರೆ. ಚಳಿಯಿರಲಿ ಸೆಖೆಯಿರಲಿ ಗಿಳಿಹಸಿರು ವಸ್ತ್ರವೊಂದನ್ನು ತಲೆಗೆ ಕಟ್ಟಿರುತ್ತಾಳೆ, ಮಾತೂ ಹಾಗೇ. ವಯಸ್ಸಿನಲ್ಲಿ ನನಗಿಂತ ದೊಡ್ಡವಳೇ.

ನಾನು ಎಂದಿನಂತೆ ಬಲತೋಳು ಮಡಚಿಕೊಂಡದ್ದನ್ನು ನೋಡಿ, "ಏನ್ರೀ ಇದು, ಒಳಗೆ ಕೆಂಡ ಇಟ್ಕೊಂಡು ಮೇಲೆ ಬೂದಿ ಮುಚ್ಕೊಂಡಿದ್ದೀರಿ" ಎಂದು ಹಾಲಿಗೆಲ್ಲ ಕೇಳುವ ಹಾಗೆ ಹೇಳಿದಳು. ಹೆಂಗಸರೆಲ್ಲ ನಕ್ಕರು. ನಾನೂ ನಗಬೇಕಿತ್ತು. ನಗಲಿಲ್ಲ. ಅವಳಿಗೆ ಬೇಜಾರಾಗಲಿಲ್ಲ. ಬೆಳಕಿನ ಕೋಣೆಯಿಂದ ಬಂದವರಿಗೆ ಕತ್ತಲೆ ರೂಢಿಯಾಗಲು ನಾಲ್ಕು ದಿನ ಬೇಕು ಎಂದಳು.

ಕವಿತೆಯ ಪುಸ್ತಕ ಚೀಲದಲ್ಲೇ ಇದೆ. ತೆರೆಯುವುದಿಲ್ಲ. ಅಕ್ಷರ ಕಪ್ಪಾಗಿಯೇ ಕಾಣುತ್ತಿದೆ, ಹಾಳೆ ಎಷ್ಟು ಹಳದಿ ಎಂದು ನೋಡಲು ಧೈರ್ಯವಿಲ್ಲ.

ಮಾರ್ಚ್ 17, ಸೋಮವಾರ

ಇವತ್ತಿನದನ್ನು ಬರೆಯಲೋ ಬೇಡವೋ.

ಹಾಸಿನ ಒಂದು ಮೂಲೆಯಲ್ಲಿ ಕಲೆ ಕಂಡಿತು. ಅಂಗೈ ಅಗಲ, ತೆಳು ಕೇಸರಿ, ಚಹಾ ಚೆಲ್ಲಿ ಒಣಗಿದ ಹಾಗೆ. ಇದನ್ನು ಬದಿಗಿಡು ಎಂದೆ. ಗಿಳಿ ಬಂದು ನೋಡಿದಳು, ಬೆಳಕಿಗೆ ಹಿಡಿದಳು, ಮೂಸಿಯೂ ನೋಡಿದಳು. ಕಲೆಯಿಲ್ಲ. ನಾನು ಕೈಗೆ ತೆಗೆದುಕೊಂಡು ನೋಡಿದೆ, ಇದೆ. ಅವಳಿಗೆ ಕೊಟ್ಟೆ, ಇಲ್ಲ. ಅವಳು ತಮಾಷೆ ಮಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಕುಡಿಯಲು ನೀರು ತಂದುಕೊಟ್ಟು ಕೂರಿಸಿದಳು.

ಅಪ್ಪನ ಟವೆಲ್ಲು.

ಮನೆಯಲ್ಲಿ ಅಕ್ಕನಿಗೆ ಹೇಳಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಹೊಸ ಕೋಟು ನೇತುಹಾಕಿದೆ. ಅವಳು ಸಂಜೆಯೆಲ್ಲ ನನ್ನನ್ನೇ ನೋಡುತ್ತಿದ್ದಳು, ಕೊನೆಗೆ, ನಾಲಿಗೆ ಕಾರ್ಖಾನೆಯಲ್ಲೇ ಬಿಟ್ಟು ಬಂದೆಯಾ ಎಂದು ಕೇಳಿದಳು. ತಲೆನೋವು ಎಂದೆ.

ಮಾರ್ಚ್ 20, ಗುರುವಾರ

ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಗಲ್ಲವನ್ನು ಪಟ್ಟಿಯ ಮೇಲೆ ಇರಿಸಿ ಬೆಳಕು ಬಿಟ್ಟು ನೋಡಿದರು. ಆಮೇಲೆ ಬಣ್ಣದ ಬಿಲ್ಲೆಗಳ ಪೆಟ್ಟಿಗೆ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು. ಗುಲಾಬಿಯಿಂದ ಹಸಿರು, ಹಸಿರಿಂದ ನೀಲಿ, ನೀಲಿಯಿಂದ ಮತ್ತೆ ಗುಲಾಬಿ. ಹಳದಿಯ ಹತ್ತಿರ ಬಂದಾಗ ಎರಡು ಬಿಲ್ಲೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ವೈದ್ಯೆ ಅವಸರ ಮಾಡಲಿಲ್ಲ.

ಬಿಲ್ಲೆಗಳನ್ನು ತಿರುಗಿಸಿ ಹಿಂದಿನ ಅಂಕೆ ನೋಡಿ ಅವರು ನಕ್ಕರು. ಒಂದೂ ತಪ್ಪಿಲ್ಲ. ಮಸೂರ ತಿಳಿಯಾಗಿದೆ. "ನನಗಿಂತ ನಿಮ್ಮ ಕಣ್ಣೇ ಚೆನ್ನಾಗಿದೆಯಲ್ಲ, ಬಂದಿದ್ದು ಯಾಕೆ?" ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ಹನಿ ಹಾಕಿದ ಕಣ್ಣಾದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ.

ಬಸ್ಸಿನಲ್ಲಿ ಅರ್ಧ ದಾರಿ ಬಂದಮೇಲೆ ಹೊಳೆಯಿತು. ಕಣ್ಣು ಸರಿಯಿದ್ದರೆ, ತಪ್ಪು ನೋಡಿದ್ದು ಯಾರು?

ಮಾರ್ಚ್ 21, ಶುಕ್ರವಾರ

ವರದಿ ಚೀಲದಲ್ಲೇ ಇದೆ. ಯಜಮಾನರಿಗೆ ಕೊಡಲಿಲ್ಲ. ಕೊಟ್ಟರೆ ನಾಳೆಯೇ ಬೆಳಕಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿ ನಿಂತು, ಇದು ಹೌದು, ಇದು ಅಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಯುತ್ತಿದ್ದರು. ಬುದ್ಧಿಗೆ ಬಂದದ್ದನ್ನು ತೆಗೆಯುವವರಿದ್ದಾರೆಯೇ?

ಮಾರ್ಚ್ 24, ಸೋಮವಾರ

ಅಕ್ಷರ ಸೊಟ್ಟಗಾದರೂ ಇವತ್ತೇ ಬರೆದುಬಿಡಬೇಕು.

ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಯಿಂದ ಬಿಸಿಲು ಪೂರ್ತಿ ನನ್ನ ಮೇಲೆ ಬೀಳುತ್ತಿತ್ತು. ಹಾಸು ಕೊಡವಿ ಹತ್ತಿರ ತಂದೆವು. ಮತ್ತೆ ಅದೇ ಕಲೆ, ಅದೇ ಜಾಗ, ಬಲಮೂಲೆ. ನಾನು ಏನೂ ಹೇಳಬಾರದೆಂದು ತುಟಿ ಕಚ್ಚಿಕೊಂಡೆ. ಮಡಚಲು ಕೈ ಮೇಲೆತ್ತಿದೆ. ಕಲೆಯೂ ಮೇಲೆ ಹೋಯಿತು. ಇಳಿಸಿದೆ, ಇಳಿಯಿತು.

ಈ ಸಲ ಬಿಸಿಲಿಗೆ ಗಿಳಿಗೂ ಕಂಡಿತು. ಅವಳು ತನ್ನ ಮೂಲೆ ಬಿಟ್ಟು ನನ್ನ ಪಕ್ಕಕ್ಕೇ ಬಂದು ನಿಂತಳು. ಹಾಸನ್ನು ನೋಡಿದಳು, ನನ್ನ ತೋಳು ನೋಡಿದಳು, ಮತ್ತೆ ಹಾಸು.

"ಅಲ್ರೀ, ಕಲೆ ನಿಮ್ಮ ಕೈ ಹಿಂದೇನೇ ಓಡಾಡ್ತಿದೆಯಲ್ಲ, ಸಾಕಿದ ಬೆಕ್ಕಿನ ಹಾಗೆ."

ಹಾಗೆಂದು ನನ್ನ ಮಡಚಿದ ತೋಳನ್ನು ಹಿಡಿದು ಕೆಳಗೆಳೆದಳು. ಕಿತ್ತಳೆ ಒಳಗೆ ಹೋಯಿತು. ಹಾಸು ಹಾಲಿನಷ್ಟು ಬೆಳ್ಳಗೆ. ಮತ್ತೆ ಮಡಚಿದಳು. ಕಲೆ ಬಂತು.

ಹಾಸು ನೆಲಕ್ಕೆ ಬಿದ್ದಿತ್ತು. ಆಮೇಲೆ ಓಡಿದೆ. ನಲವತ್ತೆಂಟರ ಹೆಂಗಸು, ಹಾಲಿನ ಉದ್ದಕ್ಕೂ, ಅಂಗಳ ದಾಟಿ. ಹಂಡೆ ಮಾಸ್ತರು ಬೆಂಕಿ ಬಿತ್ತೇನೋ ಎಂದು ಎದ್ದು ನಿಂತರು. ಅವರನ್ನು ಎಳೆದುಕೊಂಡು ಬೆಳಕಿನ ಕೋಣೆಗೆ ಹೋಗಿ ಪರದೆಯ ಮಾದರಿ ತೆಗೆಸಿದೆ. ಅದನ್ನೇ ಎರಡು ತುಂಡಾಗಿ ಕತ್ತರಿಸಿ, ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ತೋಳು ಮಡಚಿದ ಬಲಗೈಯಲ್ಲಿ ಹಿಡಿದೆ. ಒಂದೇ ಬಟ್ಟೆಯ ಎರಡು ತುಂಡು. ಕೈಯಲ್ಲಿದ್ದದ್ದು ಹಳದಿ, ಮಂಕು. ತೋಳು ಇಳಿಸಿದೆ. ಅವಳಿ ಮಕ್ಕಳು.

ಮನೆಗೆ ಬಂದು, ಹೊಸ ಕೋಟು ಬಂದ ವಾರದಿಂದ ಈ ಡೈರಿಯ ಒಂದೊಂದೇ ಪುಟ ತಿರುಗಿಸಿ ನೋಡಿದೆ. ನಾನೇ ಬರೆದಿದ್ದೇನೆ, ಬಳೆಯ ಹಾಗೆ ಕಿತ್ತಳೆ ಎಂದು. ಅದೇ ಪುಟದಲ್ಲಿ, ಅದರ ಕೆಳಗೇ, ಪರದೆ ಹಳದಿಗೆ ವಾಲಿತ್ತು ಎಂದು. ಎರಡರ ನಡುವೆ ನಾಲ್ಕು ಬೆರಳಿನ ಅಂತರವೂ ಇಲ್ಲ. ಹಳೆಯ ಕೋಟನ್ನು ಹೀಗೇ ಮಡಚುತ್ತಿದ್ದೆ, ಅದು ಒಳಗೂ ಬೂದಾಗಿತ್ತು. ಇದು ಲೈನಿಂಗ್, ಲೈನಿಂಗ್ ಎಂದರೆ ಒಳಗಿನದು, ಒಳಗಿನದು ಯಾರಿಗೂ ಕಾಣುವುದಿಲ್ಲ. ಹೀಗೆಂದು ನಾನೂ ನಂಬಿಕೊಂಡಿದ್ದೆ.

ಬೆಳಕಿನ ಕೋಣೆಯಲ್ಲಿ ಮಾಸ್ತರು ಮಾತ್ರ ಆಗ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. "ನನ್ನ ಕೆಂಪು ಕರವಸ್ತ್ರಕ್ಕೆ ಅವತ್ತು ಬಾಗಿಲಲ್ಲೇ ತಡೆದ್ರಿ. ಇವತ್ತು ನಿಮ್ಮನ್ನ ಯಾರಮ್ಮ ತಡೆಯೋರು?"

ಮಾರ್ಚ್ 25, ಮಂಗಳವಾರ

ವೈದ್ಯರ ವರದಿಯೊಂದನ್ನೇ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಮಾಸ್ತರೂ ಹಾಗೇ ಹೇಳಿದರು. ನೀರಿನ ದೋಷ ಎಂದರೆ ಮುಗಿಯಿತು, ಹೊಸಬಳು ಮಾಡುವ ತಪ್ಪನ್ನು ನೀವು ಮಾಡಿದಿರಿ ಎಂದು ಯಾಕೆ ಹೇಳಿಕೊಳ್ಳುತ್ತೀರಿ ಎಂದರು. ಬೆಳಿಗ್ಗೆ ಬಸ್ಸಿನಲ್ಲಿ ನನಗೂ ಹಾಗೇ ಅನಿಸಿತ್ತು. ಆದರೆ ಕಂಬಳಿ ಕೇಳಿದ ರೋಗಿಗಳು ನೆನಪಾದರು. ಅವರಿಗೆ ಚಳಿಯಾದದ್ದು ನೀರಿನಿಂದಲ್ಲ.

ಯಜಮಾನರನ್ನು ಬೆಳಕಿನ ಕೋಣೆಗೆ ಕರೆದುಕೊಂಡು ಹೋಗಿ, ಕೋಟನ್ನು ಅವರಿಗೇ ತೊಡಿಸಿದೆ. ಬಲತೋಳು ಮಡಚಿ ಕೈಗೆ ತುಂಡು ಕೊಟ್ಟೆ. ಯಾವುದು ಹಳದಿ ಎಂದು ಕೇಳಿದೆ. ತಕ್ಷಣ ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದರು. ತೋಳು ಇಳಿಸಿದೆ. ಅವರು ಬಹಳ ಹೊತ್ತು ಮಡಚಿ ಇಳಿಸಿ, ಮಡಚಿ ಇಳಿಸಿ ನೋಡುತ್ತಿದ್ದರು, ಆಟದ ಸಾಮಾನು ಸಿಕ್ಕವರ ಹಾಗೆ. ಆಮೇಲೆ ಗೋಡೆಗೆ ಒರಗಿ ಉಸಿರುಬಿಟ್ಟರು. ಕಣ್ಣು ಹೋಗಿದೆ ಎಂದುಕೊಂಡು ಹದಿನೈದು ದಿನ ತಮಗೂ ನಿದ್ದೆಯಿರಲಿಲ್ಲ ಎಂದರು. ನನ್ನ ಕಣ್ಣಿನ ಬದಲು ಬೇರೆ ಏನನ್ನು ತರುವುದು ಎಂದು ಯೋಚಿಸಿ ಯೋಚಿಸಿ ಸಾಕಾಗಿತ್ತಂತೆ.

ನಾಳೆಯಿಂದ ನಾನು ವಾಪಸು. ಪರದೆಗಳಿಗೆ ಮೊದಲಿನಿಂದ ಬಣ್ಣ ಹಾಕಬೇಕು. ಆಸ್ಪತ್ರೆಗೆ ಪತ್ರ ನಾನೇ ಬರೆದೆ, ತಪ್ಪು ನನ್ನದೆಂದು, ನನ್ನ ತೋಳಿನದೆಂದು. ಯಜಮಾನರು ಓದಿ, ತೋಳಿನ ಮಾತು ಬೇಡ, ನಗುತ್ತಾರೆ ಎಂದರು. ನಗಲಿ ಎಂದು ಹಾಗೇ ಬಿಟ್ಟೆ. ಮಲಗಿದವರಿಗೂ ಯಾರಾದರೂ ಓದಿ ಹೇಳಲಿ.

ಮನೆಗೆ ಬಂದು ಅಕ್ಕನಿಗೆ ಪರದೆಯಿಂದ ಹಿಡಿದು ಎಲ್ಲ ಹೇಳಿದೆ. ಅವಳ ಮುಖ ಬಾಡಿತು. ನಗುತ್ತಾಳೆಂದುಕೊಂಡಿದ್ದೆ. ಎದ್ದು ಹೋಗಿ ಕತ್ತರಿ ತಂದು ಕೋಟನ್ನು ಮಡಿಲಿಗೆ ಎಳೆದುಕೊಂಡಳು.

"ಬಿಚ್ಚಿಬಿಡ್ತೀನಿ ಕೊಡು. ನಿನ್ನ ಕಣ್ಣಿಗೇ ಕುತ್ತು ತಂದೆನಲ್ಲ."

ಕತ್ತರಿ ಕಸಿದುಕೊಂಡೆ. ನಲವತ್ತು ವರ್ಷದ ಕೆಳಗೆ ಹೀಗೆ ಇಬ್ಬರೂ ಕಿತ್ತಾಡಿದ್ದೆವು, ಆಗ ಬೊಂಬೆಗಾಗಿ. ಕೊನೆಗೆ ಅವಳಿಗೇ ನಗು ಬಂತು. ಒಂದು ಹೊಲಿಗೆಯೂ ಬಿಚ್ಚಬೇಡ ಎಂದೆ. ಬೆಳಕಿನ ಕೋಣೆಗೆ ಹಳೆಯದಕ್ಕೇ ಮೊಣಕೈ ತೇಪೆ ಹಾಕಿಕೊಡು ಎಂದೆ.

ಮಾರ್ಚ್ 27, ಗುರುವಾರ

ತೇಪೆ ಹಾಕಿದ ಕೋಟನ್ನು ಬೆಳಕಿನ ಕೋಣೆಯ ಮೊಳೆಗೇ ನೇತುಹಾಕಿ ಬಂದಿದ್ದೇನೆ. ಅದು ಅಲ್ಲೇ ಇರಲಿ, ಮನೆಗೆ ಬರಬೇಕಾಗಿಲ್ಲ.

ಹೊಸ ತುಂಡು ಮಾದರಿಗೆ ಸರಿಯಾಗಿ ಕೂತಿತು. ಮಾಸ್ತರು ಹಳೆಯ ಅಳತೆಯನ್ನೇ ಹಾಕಿದ್ದರು. ಹೌದು ಎಂದೆ. ಆ ಮಾತು ಹೇಳಿದಾಗ ಬಾಯಲ್ಲಿ ಅದಕ್ಕೆ ಎಷ್ಟು ತೂಕವಿತ್ತು ಎಂದರೆ ಇನ್ನೊಮ್ಮೆ ಹೇಳಿದೆ.

ಊಟದ ಹೊತ್ತಿನಲ್ಲಿ ಮಡಚುವ ಹಾಲಿಗೇ ಹೋಗಿ ಕೂತೆ. ಗಿಳಿ ತಲೆಯ ವಸ್ತ್ರ ಬಿಚ್ಚಿ ಕೂದಲು ಆರಿಸಿಕೊಳ್ಳುತ್ತಿದ್ದಳು. ಯಾವಾಗಲೂ ಇದೇ ಹಸಿರೇಕೆ ಎಂದು ಕೇಳಿದೆ. ಗಂಡ ತೀರಿಹೋದ ವರ್ಷ ಒಂದು ದಿನ ಕನ್ನಡಿಯಲ್ಲಿ ತಾನೇ ತನಗೆ ಕಾಣಿಸಲಿಲ್ಲವಂತೆ. ಹಿಂದಿನ ಗೋಡೆಗೂ ತನಗೂ ವ್ಯತ್ಯಾಸ ಇರಲಿಲ್ಲವಂತೆ. ಅವತ್ತು ಕೈಗೆ ಸಿಕ್ಕಿದ್ದು ಇದು. ಕಟ್ಟಿಕೊಂಡಮೇಲೆ, ಅಲ್ಲಿ ಯಾರೋ ಇದ್ದಾರೆ ಅನಿಸಿತಂತೆ.

ವಾರಪತ್ರಿಕೆಯವರು ಇದನ್ನು ಬರೆದಿದ್ದರೆ ನಾನು ಒಪ್ಪುತ್ತಿದ್ದೆ.

ಅವಳಿಗೆ ಒಂದು ಕವಿತೆ ಓದಿ ಹೇಳಿದೆ. ಅರ್ಥವಾಗಲಿಲ್ಲ, ಆದರೆ ಇನ್ನೊಂದು ಓದಿ ಎಂದಳು.

ಮಾರ್ಚ್ 30, ಭಾನುವಾರ

ಬೂದು ಅಂಗಿಗಳಿಗೆ ಇಸ್ತ್ರಿಯಾಗಿರಲಿಲ್ಲ, ಹಳದಿಯದೊಂದು ಕಪಾಟಿನ ತಳದಲ್ಲಿ ಸಿಕ್ಕಿತು, ಅದನ್ನೇ ಹಾಕಿಕೊಂಡೆ. ಮಧ್ಯಾಹ್ನ ಅಕ್ಕನ ಹೊಲಿಗೆ ಯಂತ್ರದ ಪಕ್ಕ ಗುಂಡಿಗೆ ಕಾಜಾ ಹಾಕಲು ಕೂತೆ. ಕಿಟಕಿ ತೆರೆದಿದ್ದರಿಂದ ಗಾಳಿ ತಣ್ಣಗಿತ್ತು. ಕೋಟು ಮೇಲೆ ಹಾಕಿಕೊಂಡು, ಸೂಜಿಗೆ ಅಡ್ಡ ಬರುತ್ತದೆಂದು ಎರಡೂ ತೋಳು ಮಡಚಿದೆ.

ಆ ಬಟ್ಟೆ ಎಲ್ಲಿಯದು ಎಂದು ಮತ್ತೆ ಕೇಳಿದೆ. ಅಕ್ಕ ಯಂತ್ರದ ಚಕ್ರ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

"ನಿಂದೇ ಕಣೇ. ಮೊದಲ ತಿಂಗಳ ಸಂಬಳ ಬಂದಾಗ ಕುಣ್ಕೊಂಡು ತಂದೆಯಲ್ಲ. ಅಂಗಿ ಹೊಲಿದುಕೊಡು ಅಂದೆ. ಅಳತೆ ಕೊಡು ಅಂದರೆ ನಾಳೆ ನಾಳೆ ಅಂದೆ. ಇಷ್ಟು ವರ್ಷ ನಿನ್ನ ನಾಳೆ ಬರ್ತದೆ ಅಂತ ಪೆಟ್ಟಿಗೇಲಿ ಇಟ್ಟು ಕಾದೆ."

ತೋಳನ್ನು ಬೆಳಕಿಗೆ ಹಿಡಿದೆ. ಮಡಿಕೆಯಲ್ಲಿದ್ದು ಒಂದು ಛಾಯೆ ಗಾಢವಾಗಿದೆ, ಆದರೆ ಅದೇ. ಕಾರ್ಖಾನೆಯಲ್ಲಿ ನಾನು ಹೆಸರಿಟ್ಟ ಮೊಟ್ಟಮೊದಲ ಬಣ್ಣ. 'ಸಂಜೆಯ ಗೋಡೆ' ಎಂದಿದ್ದೆ. ಯಾರೂ ಕೊಳ್ಳಲಿಲ್ಲ, ಪಟ್ಟಿಯಿಂದ ತೆಗೆದುಹಾಕಿದರು, ಉಳಿದ ತುಂಡನ್ನು ನಾನು ಕೇಳಿ ತಂದೆ. ಒಂದು ಕೂದಲೆಳೆಯಷ್ಟು ಹಳದಿ ಹೆಚ್ಚಾದರೆ ಹಿಡಿಯುವ ಕಣ್ಣು ಇದನ್ನು ಇಷ್ಟು ದಿನ ಗುರುತಿಸಿರಲಿಲ್ಲ. ವೈದ್ಯೆಯ ಬಿಲ್ಲೆಗಳಲ್ಲಿ ಇದನ್ನು ಹಿಡಿಯುವ ಬಿಲ್ಲೆ ಇಲ್ಲವೆಂದು ಕಾಣುತ್ತದೆ.

ಅಕ್ಕ ಆಗಲೇ ಚಕ್ರ ತಿರುಗಿಸಲು ಶುರುಮಾಡಿದ್ದಳು. ಬಿಸಿಲು ಇಳಿಯುತ್ತಿತ್ತು. ನಾನು ದಾರ ಕಚ್ಚಲು ಬಾಗಿದಾಗ ನನ್ನ ತೋಳಿನ ಕಿತ್ತಳೆ ಛಾಯೆ ಅವಳ ಕೆನ್ನೆಯ ಮೇಲೆ, ಕಿವಿಯ ಪಕ್ಕದ ಬಿಳಿಗೂದಲಿನ ಮೇಲೆ ಬಿತ್ತು. ಬೆಳಕಿನ ಕೋಣೆಯಲ್ಲಿ ಇದಕ್ಕೆ ತಪ್ಪು ಎನ್ನುತ್ತೇವೆ. ಏನು ಹಾಗೆ ನೋಡ್ತೀಯ ಎಂದು ಕೇಳಿದಳು. ಕೂತಿರು, ಅಲ್ಲಾಡಬೇಡ ಎಂದೆ.

ಕಾಜಾ ಮುಗಿದಿತ್ತು. ತೋಳು ಇಳಿಸಲಿಲ್ಲ.